ಎದೆಯ ಮೇಲಿನ ಲಾಂಛನ

(ಕೂಟದ ಚಳಿಗಾಲದ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯವೃತ್ತಿಯ ನಾವು ಬಟ್ಟೆಯ ಚರಿತ್ರೆಯನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ನಿಮ್ಮ ಕೂಟದ ಸ್ವಯಂಸೇವಕರಿಗೂ ಮಕ್ಕಳ ಕ್ರೀಡಾ ತಂಡಕ್ಕೂ ಲಾಂಛನವಿರುವ ಸ್ವೆಟರ್ ಮಾಡಿಸಬೇಕೆಂಬ ಸಲಹೆ ಬಂದಿದೆಯೆಂದು ತಿಳಿಯಿತು. ಬಣ್ಣ ಯಾವುದು, ಬೆಲೆ ಎಷ್ಟು, ಗಂಡಭೇರುಂಡವೋ ಕನ್ನಡದ ಅಕ್ಷರವೋ ಎಂಬ ಚರ್ಚೆಯೂ ನಡೆದಿದೆಯಂತೆ. ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದುಂಟು: ಲಾಂಛನದ ಉಡುಪನ್ನು ಯಾರು, ಯಾರಿಗೆ, ಯಾವ ಕಾರಣಕ್ಕಾಗಿ ಕೊಡುತ್ತಾರೆ? ಈ ಉಡುಪಿನ ಚರಿತ್ರೆಯು ಬಹುಮಟ್ಟಿಗೆ ಆ ಪ್ರಶ್ನೆಯ ಚರಿತ್ರೆಯೇ ಆಗಿದೆ.

ಸಮವಸ್ತ್ರಕ್ಕೆ ಇಂಗ್ಲಿಷಿನಲ್ಲಿರುವ ‘ಲಿವರಿ’ ಎಂಬ ಹಳೆಯ ಪದವು ‘ಒಪ್ಪಿಸು, ಕೊಡು’ ಎಂಬರ್ಥದ ಫ್ರೆಂಚ್ ಪದದಿಂದ ಬಂದದ್ದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಒಡೆಯನು ತನ್ನ ಆಳುಗಳಿಗೆ ಕೊಡುತ್ತಿದ್ದ ಅನ್ನಬಟ್ಟೆಗಳೇ ಲಿವರಿ. ಪ್ರಭುಗಳು ತಮ್ಮ ಲಾಂಛನ ಧರಿಸಿದ ಬಂಟರ ಪಡೆಗಳನ್ನು ಕಟ್ಟಿಕೊಂಡು, ಆ ಬಂಟರು ಒಡೆಯನ ಬಲವನ್ನು ನಂಬಿ ಜನರನ್ನು ಪೀಡಿಸತೊಡಗಿದಾಗ ಪಾರ್ಲಿಮೆಂಟಿನಲ್ಲಿ ದೂರುಗಳೆದ್ದವು. 1390ರಲ್ಲಿ, ಎರಡನೆಯ ರಿಚರ್ಡನ ಆಳ್ವಿಕೆಯಲ್ಲಿ, ಲಿವರಿ ಕೊಡುವುದಕ್ಕೆ ಮಿತಿ ಹಾಕುವ ಕಟ್ಟಳೆ ಹೊರಟಿತು. ಅದೇ ರಿಚರ್ಡನು ಬಿಳಿಯ ಜಿಂಕೆಯ ತನ್ನ ಲಾಂಛನವನ್ನು ಅನುಚರರಿಗೆ ಹಂಚುತ್ತಿದ್ದನೆಂಬುದು ಚರಿತ್ರೆಯ ವ್ಯಂಗ್ಯ.

ನಮ್ಮ ನಾಡಿಗೂ ಇದು ಅಪರಿಚಿತವಲ್ಲ. ಕಚೇರಿಯ ಜವಾನನ ಎದೆಯ ಮೇಲೆ ಅಡ್ಡಲಾಗಿ ಹಾಯುತ್ತಿದ್ದ ಡವಾಲಿಯನ್ನೂ ಅದರ ಹಿತ್ತಾಳೆಯ ಬಿಲ್ಲೆಯನ್ನೂ ನಿಮ್ಮಲ್ಲಿ ಹಿರಿಯರು ನೋಡಿರುತ್ತೀರಿ. ಆ ಬಿಲ್ಲೆ ಸಾರುತ್ತಿದ್ದುದು ಧರಿಸಿದವನ ಹೆಸರನ್ನಲ್ಲ, ಅವನು ಯಾವ ಕಚೇರಿಯ ಆಳು ಎಂಬುದನ್ನು. ಮೊದಲ ಘಟ್ಟದಲ್ಲಿ ಲಾಂಛನದ ಅರ್ಥ ‘ಈತ ಇಂಥವರಿಗೆ ಸೇರಿದವನು’ ಎಂದು.

ಎರಡನೆಯ ಘಟ್ಟದಲ್ಲಿ ಲಾಂಛನವು ಗಳಿಸಬೇಕಾದ ವಸ್ತುವಾಯಿತು. 1715ರಲ್ಲಿ ಥಾಮಸ್ ಡಾಗೆಟ್ ಎಂಬ ಐರಿಷ್ ನಟನು, ಮೊದಲನೆಯ ಜಾರ್ಜ್ ದೊರೆಯ ಪಟ್ಟವೇರಿಕೆಯ ನೆನಪಿಗಾಗಿ, ಥೇಮ್ಸ್ ನದಿಯ ಯುವ ಅಂಬಿಗರಿಗೆ ದೋಣಿ ಸ್ಪರ್ಧೆಯೊಂದನ್ನು ಏರ್ಪಡಿಸಿದನು. ಲಂಡನ್ ಸೇತುವೆಯಿಂದ ಚೆಲ್ಸಿಯವರೆಗೆ ಹುಟ್ಟುಹಾಕಿ ಗೆದ್ದವನಿಗೆ ಒಂದು ಅಂಗಿ, ತೋಳಿಗೆ ಒಂದು ಬೆಳ್ಳಿಯ ಬಿಲ್ಲೆ. ಅಂಬಿಗನ ಅಂಗಿ, ಬಿಲ್ಲೆಗಳು ಅದುವರೆಗೆ ಸೇವೆಯ ಗುರುತು. ಇಲ್ಲಿ ಅವೇ ಗೌರವದ ಗುರುತಾದವು. ಆ ಸ್ಪರ್ಧೆ ಇಂದಿಗೂ ನಡೆಯುತ್ತಿದೆ.

ಅಮೆರಿಕದಲ್ಲಿ ಈ ಕಥೆ ಹಾರ್ವರ್ಡಿನಿಂದ ಆರಂಭವಾಗುತ್ತದೆ. 1865ರಲ್ಲಿ ಅಲ್ಲಿನ ಬೇಸ್‌ಬಾಲ್ ಆಟಗಾರರು ತಮ್ಮ ಬೂದುಬಣ್ಣದ ಫ್ಲಾನೆಲ್ ಅಂಗಿಗಳ ಮೇಲೆ ‘ಎಚ್’ ಅಕ್ಷರವನ್ನು ಹೊಲಿಸಿಕೊಂಡರು. ಹತ್ತು ವರ್ಷಗಳ ಅನಂತರ ಫುಟ್‌ಬಾಲ್ ತಂಡವೂ ಅದನ್ನು ಅನುಸರಿಸಿತು. ಆದರೆ ಅಲ್ಲೊಂದು ನಿಯಮವಿತ್ತು: ಯೇಲ್ ಅಥವಾ ಪ್ರಿನ್ಸ್‌ಟನ್ ವಿರುದ್ಧದಂಥ ಮುಖ್ಯ ಪಂದ್ಯದಲ್ಲಿ ಆಡದವನು ಋತುವಿನ ಕೊನೆಗೆ ಅಕ್ಷರದ ಅಂಗಿಯನ್ನು ಹಿಂದಿರುಗಿಸಬೇಕು. ಮುಂದೆ ಈ ಅಕ್ಷರ ಸ್ವೆಟರಿನ ಎದೆಯನ್ನೇರಿತು. ಅಲ್ಲಿಂದ ದೇಶದ ಪ್ರೌಢಶಾಲೆಗಳಿಗೆಲ್ಲ ಹಬ್ಬಿತು. ನಿಮ್ಮ ಮಕ್ಕಳು ‘ಲೆಟರ್’ ಗಳಿಸಿದೆವೆಂದು ಹಿಗ್ಗುವುದರ ಮೂಲ ಇದು.

ಸ್ವೆಟರ್ ಎಂಬ ಹೆಸರೂ ಬೆವರಿನಿಂದಲೇ ಬಂದದ್ದು. 19ನೆಯ ಶತಮಾನದ ಕ್ರೀಡಾಪಟುಗಳು ಮೈತೂಕ ಇಳಿಸಿಕೊಳ್ಳಲು ದಪ್ಪ ಉಣ್ಣೆಯಂಗಿ ತೊಟ್ಟು ಬೆವರುತ್ತಿದ್ದರು. ವೈದ್ಯರಾಗಿ ನಾವು ಇದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಇಳಿಯುವುದು ನೀರೇ ಹೊರತು ಕೊಬ್ಬಲ್ಲ. ಒರಟು ಉಣ್ಣೆಗೆ ಇನ್ನೊಂದು ದೋಷವೂ ಉಂಟು. ಸುಮಾರು 30 ಮೈಕ್ರಾನಿಗಿಂತ ದಪ್ಪನಾದ ಎಳೆಗಳ ತುದಿ ಬಾಗದೆ ಚರ್ಮದ ನರಾಗ್ರಗಳನ್ನು ಚುಚ್ಚುತ್ತದೆ; ಕಡಿತ ಹುಟ್ಟುತ್ತದೆ. ಅಲಬಾಮಾದ ಗಿರಣಿಯೊಡೆಯ ಬೆಂಜಮಿನ್ ರಸೆಲ್ಲನ ಮಗ ಕಾಲೇಜಿನಲ್ಲಿ ಫುಟ್‌ಬಾಲ್ ಆಡುತ್ತ ಈ ಕಡಿತಕ್ಕೆ ಬೇಸತ್ತು, 1920ರ ದಶಕದಲ್ಲಿ ತಂದೆಗೆ ದಪ್ಪ ಹತ್ತಿಯ ಹೆಣೆದ ಅಂಗಿಯನ್ನು ಸೂಚಿಸಿದನು. ಸ್ವೆಟ್‌ಶರ್ಟ್ ಹುಟ್ಟಿದ್ದು ಹೀಗೆ.

1919ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿ ಆರಂಭವಾಗಿ ಮುಂದೆ ಚಾಂಪಿಯನ್ ಎಂದು ಹೆಸರಾದ ಕಂಪನಿಯು ಕಾಲೇಜು ತಂಡಗಳಿಗೆ ಇಂಥ ಅಂಗಿಗಳನ್ನು ಒದಗಿಸಿತು. ಒಗೆದಾಗ ಉದ್ದ ಕುಗ್ಗದಂತೆ ಬಟ್ಟೆಯನ್ನು ಅಡ್ಡಲಾಗಿ ತಿರುಗಿಸಿ ಕತ್ತರಿಸುವ ಕ್ರಮಕ್ಕೆ 1938ರಲ್ಲಿ ಅದು ಪೇಟೆಂಟ್ ಪಡೆಯಿತು. ಹತ್ತಿ ಅಗ್ಗ, ಅಚ್ಚು ಹಾಕುವುದು ಸುಲಭ. ಕಾಲೇಜಿನ ಹೆಸರು ಅಂಗಡಿಗೆ ಬಂದಿತು. ಇದು ಮೂರನೆಯ ಘಟ್ಟ: ಕಾಸು ಕೊಟ್ಟವರೆಲ್ಲರೂ ಲಾಂಛನ ಧರಿಸಬಹುದಾಯಿತು.

ಈ ಅಗ್ಗದ ಹಿಂದೆ ಇನ್ನೊಂದು ಕೈ ಇದೆ, ಅದು ನಮಗೆ ದೂರದ್ದಲ್ಲ. ಇಂದು ಅಮೆರಿಕದಲ್ಲಿ ಮಾರಾಟವಾಗುವ ಉಡುಪುಗಳಲ್ಲಿ ಬಹುಪಾಲು ಹೊರದೇಶಗಳಲ್ಲಿ ಹೊಲಿದವು. ಬೆಂಗಳೂರಿನ ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆಗಳ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. 2016ರ ಏಪ್ರಿಲ್‌ನಲ್ಲಿ, ಭವಿಷ್ಯನಿಧಿಯ ಹಣವನ್ನು ಹಿಂಪಡೆಯಲು ಕೇಂದ್ರ ಸರ್ಕಾರ ಹಾಕಿದ ನಿರ್ಬಂಧವನ್ನು ವಿರೋಧಿಸಿ ಇವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಎದೆಯ ಮೇಲೆ ಕೊಟ್ಟವರ ಹೆಸರಿರುತ್ತದೆ; ಹೊಲಿದವಳ ಹೆಸರು ಎಲ್ಲಿಯೂ ಇರುವುದಿಲ್ಲ.

ನಾವು ಹಿಂದೆ ದುಡಿದ ಒಂದು ಆಸ್ಪತ್ರೆಯಲ್ಲಿ ವೈದ್ಯರಿಗೆಲ್ಲ ಹೆಸರು ಕಸೂತಿ ಮಾಡಿದ ಮೇಲಂಗಿಯನ್ನು ಉಚಿತವಾಗಿ ಹಂಚಲಾಯಿತು. ರಾತ್ರಿಪಾಳಿಯ ಸಹಾಯಕಿಯರಿಗೂ ನೆಲ ಒರೆಸುವವರಿಗೂ ಅದೇ ಅಂಗಿ ಬೇಕಾದರೆ ಸಂಬಳದಲ್ಲಿ ಮುರಿದುಕೊಳ್ಳುವ ಏರ್ಪಾಟು. ‘ನಾವೆಲ್ಲ ಒಂದೇ ತಂಡ’ ಎಂದು ಸಾರಬೇಕಾಗಿದ್ದ ಬಟ್ಟೆಯೇ ತಂಡವನ್ನು ಎರಡು ಮಾಡಿತು. ನಮ್ಮ ಸಂಘಗಳಲ್ಲಿಯೂ ಸಮಿತಿಗೊಂದು ಬಣ್ಣ, ದಾನಿಗಳಿಗೊಂದು ಬಣ್ಣ, ಅಡುಗೆಮನೆಯಲ್ಲಿ ಬಿಸಿಬೇಳೆಭಾತ್ ಬಡಿಸುವವರಿಗೆ ಏನೂ ಇಲ್ಲವೆಂಬ ಸಲಹೆಗಳು ಬರುವುದುಂಟು. ಅವು ನಮ್ಮನ್ನು ಡವಾಲಿಯ ಕಾಲಕ್ಕೆ ಮರಳಿಸುತ್ತವೆ.

ಆದ್ದರಿಂದ ನಮ್ಮ ಅಭಿಪ್ರಾಯವಿಷ್ಟು. ದುಡಿಯುವವರೆಲ್ಲರಿಗೂ ಒಂದೇ ಬಣ್ಣ, ಒಂದೇ ಬಟ್ಟೆ ಇರಲಿ. ಅದರ ವೆಚ್ಚವನ್ನು ಕೂಟವೇ ಭರಿಸಲಿ. ಪಂದ್ಯದಲ್ಲಿ ಆಡಿದ ಮಗುವಿಗೂ ಬೆಂಚಿನ ಮೇಲೆ ಕುಳಿತ ಮಗುವಿಗೂ ಅದು ಸಮನಾಗಿ ಸಲ್ಲಲಿ. ಒಳಾಂಗಣಕ್ಕೆ ಹತ್ತಿ ಸಾಕು. ಹಿಮದಲ್ಲಿ ನಿಲ್ಲುವವರಿಗೆ ಒದ್ದೆಯಾದ ಹತ್ತಿ ಮೈಯ ಕಾವನ್ನು ಹೀರುವುದರಿಂದ ಉಣ್ಣೆ ಅಥವಾ ಫ್ಲೀಸ್ ಮೇಲು. ಕಸೂತಿಯಲ್ಲಿ ಒತ್ತಕ್ಷರಗಳ ಸಣ್ಣ ಬಾಗುಗಳು ಕೂಡಿಹೋಗುತ್ತವೆ. ಕನ್ನಡದ ಅಕ್ಷರ ದೊಡ್ಡದಾಗಿರಲಿ. ಗಂಡಭೇರುಂಡವೇ ಬೇಕೆನ್ನುವವರು ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಸ್ತಂಭದ ಮೇಲಿನ ರೂಪವನ್ನು ನೋಡಬಹುದು. ಕೊಳ್ಳುವ ಮುನ್ನ ಅಂಗಿ ಎಲ್ಲಿ ಹೊಲಿದದ್ದೆಂದು ವಿಚಾರಿಸಿರಿ.

ಒಡೆಯನ ಗುರುತಾಗಿ ಹುಟ್ಟಿ, ಗೆದ್ದವನ ಬಹುಮಾನವಾಗಿ, ಅಂಗಡಿಯ ಸರಕಾಗಿ ಬೆಳೆದ ಈ ಉಡುಪು ನಿಮ್ಮ ಕೂಟದಲ್ಲಿ ಜೊತೆಗೆ ದುಡಿದವರ ಗುರುತಾಗಲಿ.