ಪೋಪನ ಊರಿನ ಹುಡುಗರು

ಒಂದು ಊರಿನ ಚರಿತ್ರೆ ಬರೆಯೋರು ಯಾರ ಹೆಸರಿನಿಂದ ಶುರುಮಾಡ್ತಾರೆ ನೋಡಿ. ಆ ಊರು ಯಾರ ಕೈಲಿತ್ತು ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನಲ್ಲಿ ಅಬಟ್ಸ್ ಲ್ಯಾಂಗ್ಲಿ ಅಂತ ಒಂದು ಹಳ್ಳಿ. ಲಂಡನ್ನಿಗೆ ಸುಮಾರು 20 ಮೈಲಿ, ವಾಟ್‌ಫರ್ಡ್ ಪಟ್ಟಣದ ಮಗ್ಗುಲಿಗೆ. ಅಬಟ್ ಅಂದರೆ ಮಠಾಧಿಪತಿ. ಒಂದು ಕಾಲಕ್ಕೆ ಈ ಭೂಮಿ ಸೇಂಟ್ ಆಲ್ಬನ್ಸ್ ಮಠದ್ದು. ಊರಿನ ಚರಿತ್ರೆ ಮೊದಲು ಹೇಳೋದು ನಿಕೊಲಸ್ ಬ್ರೇಕ್‌ಸ್ಪಿಯರ್ ಎಂಬುವನನ್ನು. ಇಲ್ಲೇ ಹುಟ್ಟಿದ ಅಂತ ಪ್ರತೀತಿ. 1154ರಲ್ಲಿ ನಾಲ್ಕನೇ ಏಡ್ರಿಯನ್ ಅನ್ನೋ ಹೆಸರಲ್ಲಿ ಪೋಪ್ ಆದ. ಆ ಪೀಠ ಏರಿದ ಇಂಗ್ಲಿಷಿನವನು ಇವನೊಬ್ಬನೇ.

ಅದೇ ಊರಲ್ಲಿ ಇನ್ನೊಂದು ಕಟ್ಟಡವಿತ್ತು. ಲಂಡನ್ನಿನ ದಿಕ್ಕಿಲ್ಲದ ಬಡವರಲ್ಲಿ ಯಾರಿಗೆಲ್ಲ ಬುದ್ಧಿಮಾಂದ್ಯರು ಅಂತ ಹಣೆಪಟ್ಟಿ ಅಂಟಿಸಿದರೋ ಅವರನ್ನೆಲ್ಲ ತಂದು ತುಂಬೋಕೆ 1870ರಲ್ಲಿ ತೆರೆದ ಲೀವ್ಸ್‌ಡನ್ ಆಸ್ಪತ್ರೆ. ಅದು ಬಾಗಿಲು ಹಾಕಿದ್ದು 1995ರಲ್ಲಿ. 125 ವರ್ಷ! ಒಳಗೇ ಬದುಕು ಸವೆಸಿದವರ ಹೆಸರು ಕೇಳಿದರೆ ಹೇಳೋರು ಯಾರು?

ಮಠ ಮತ್ತು ಹುಚ್ಚಾಸ್ಪತ್ರೆ, ಇವೆರಡರ ನೆರಳಿನ ಈ ಊರಲ್ಲೇ 1970ರ ದಶಕದ ಕೊನೆಗೆ ನಿಕ್ ಬ್ಲಿಂಕೋ, ಜಾನ್ ಗ್ರೆವಿಲ್ ಅನ್ನೋ ಹದಿಹರೆಯದ ಗೆಳೆಯರು ಒಂದು ತಂಡ ಕಟ್ಟಿದರು.

ಅದು ಪಂಕ್ ಕಾಲ. ಪಂಕ್ ಅಂದರೆ ಬೈಗುಳ: ಪೋಲಿ, ಕೆಲಸಕ್ಕೆ ಬಾರದವನು. ಆ ಬೈಗುಳವನ್ನೇ ಹುಡುಗರು ಹೆಸರು ಮಾಡಿಕೊಂಡರು. ಅಲ್ಲಿಯತನಕ ರೆಕಾರ್ಡು ತರಬೇಕಾದರೆ ಬಹುತೇಕ ದೊಡ್ಡ ಕಂಪನಿಗಳ ಬಾಗಿಲು ಕಾಯಬೇಕಿತ್ತು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಕಡೆಯ ಬಜ್‌ಕಾಕ್ಸ್ ತಂಡ ಸುಮಾರು 500 ಪೌಂಡ್ ಸಾಲ ಎತ್ತಿ, ತಮ್ಮದೇ ಹೆಸರಿಟ್ಟು 1000 ರೆಕಾರ್ಡು ಒತ್ತಿಸಿತು. ಅದೇ ಹೊತ್ತಿಗೆ 'ಸೈಡ್‌ಬರ್ನ್ಸ್' ಅನ್ನೋ ಕಿರುಪತ್ರಿಕೆ ಗಿಟಾರಿನ ಮೂರೇ ಮೂರು ಕಾರ್ಡ್‌ಗಳ ಚಿತ್ರ ಬಿಡಿಸಿ, ತಂಡ ಕಟ್ಟೋಕೆ ಇಷ್ಟು ಸಾಕು ಅಂತ ಸಾರಿತು. ಗುರುವಿನ ಅಪ್ಪಣೆ ಬ್ಯಾಡ, ಧಣಿಯ ದುಡ್ಡೂ ಬ್ಯಾಡ. ಈ ಸುದ್ದಿ ಹಳ್ಳಿಗಳಿಗೂ ಮುಟ್ಟಿತು.

ಬ್ಲಿಂಕೋ, ಗ್ರೆವಿಲ್ ಮೊದಲು ಕಟ್ಟಿದ ತಂಡ 'ದಿ ಮ್ಯಾಜಿಟ್ಸ್'. 1979ರಲ್ಲಿ ತಾವೇ ರೆಕಾರ್ಡು ತಂದರು. ಅದಕ್ಕಿಟ್ಟ ಕಂಪನಿಯ ಹೆಸರು 'ಔಟರ್ ಹಿಮಾಲಯನ್'. ಹಿಮಾಲಯ ಹೆಸರಿಗೆ ಮಾತ್ರ, ಇದ್ದದ್ದು ಹಳ್ಳಿ ಹುಡುಗರ ಹಟ! 1980ರಲ್ಲಿ ಗ್ರಾಂಟ್ ಮ್ಯಾಥ್ಯೂಸ್ ಜತೆಗೂಡಿ ಮೂವರ 'ರುಡಿಮೆಂಟರಿ ಪೆನಿ' ಆಯಿತು. 1981ರಲ್ಲಿ ಏಳಿಂಚಿನ ಒಂದೇ ರೆಕಾರ್ಡಿನಲ್ಲಿ 12 ಹಾಡು ತುರುಕಿದರು. ಹೇಳೋ ಮಾತು ಮುಗಿದರೆ ಹಾಡೂ ಮುಗೀತು. ಹೊದಿಕೆಯ ಚಿತ್ರ ಬ್ಲಿಂಕೋನದೇ. ಕಪ್ಪು ಶಾಯಿಯಲ್ಲಿ, ಸೂಜಿಮೊನೆಯ ಗೆರೆಗಳಲ್ಲಿ ಒತ್ತೊತ್ತಾಗಿ ತುಂಬಿದ ತಲೆಬುರುಡೆಗಳು, ಶಿಲುಬೆಗಳು.

ಇವರೇನು ಸುಮ್ಮನೆ ಕಿರುಚಿದವರಲ್ಲ. ದೇಶದಲ್ಲಿ ನಿರುದ್ಯೋಗಿಗಳು 1980ರಲ್ಲಿ 20 ಲಕ್ಷ ದಾಟಿದ್ದರು. 1982ರ ಜನವರಿಗೆ 30 ಲಕ್ಷ. ಥ್ಯಾಚರ್ ಸರ್ಕಾರ ಅದೇ ವರ್ಷ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಹಡಗು ಹೊರಡಿಸಿತು. ಎಸೆಕ್ಸ್‌ನ ಒಂದು ಹಳೇ ತೋಟದ ಮನೆಯಲ್ಲಿ ಕೂಡಿ ಬಾಳುತ್ತಿದ್ದ 'ಕ್ರಾಸ್' ತಂಡದವರು ಯುದ್ಧದ ವಿರುದ್ಧ ಹಾಡಿದರು. ಅಂಗಡಿಯವನು ಸುಲಿಯದಿರಲಿ ಅಂತ ಇದಕ್ಕಿಂತ ಹೆಚ್ಚು ಕೊಡಬೇಡಿ ಎಂದು ಬೆಲೆಯನ್ನು ಹೊದಿಕೆ ಮೇಲೇ ಅಚ್ಚು ಹಾಕುತ್ತಿದ್ದರು. 1982ರಲ್ಲಿ ಅಬಟ್ಸ್ ಲ್ಯಾಂಗ್ಲಿ ಹುಡುಗರ 'ಫಾರ್ಸ್' ಹೊರಬಂದದ್ದು ಇವರ ಮೂಲಕ. 1983ರಲ್ಲಿ 'ಡೆತ್ ಚರ್ಚ್'. ಪೋಪ್ ಹುಟ್ಟಿದ ಊರಿನಿಂದಲೇ ಚರ್ಚಿಗೆ ಸಾವಿನ ಹೆಸರು!

ಗೆಳೆಯರೇ, ಹಾಡಿನಿಂದ ಸರ್ಕಾರ ಬಿತ್ತಾ ಅಂತ ಕೇಳಬಹುದು. ಬೀಳಲಿಲ್ಲ. ಅದೇ 1983ರಲ್ಲಿ ಥ್ಯಾಚರ್ ಭಾರೀ ಬಹುಮತದಿಂದ ಮತ್ತೆ ಗೆದ್ದರು. 1984ರಲ್ಲಿ ಕ್ರಾಸ್ ತಂಡ ಹಾಡು ನಿಲ್ಲಿಸಿತು. ಆದರೆ ರೆಕಾರ್ಡು ಒತ್ತುವ ಹಕ್ಕು ಯಾರಪ್ಪನ ಸೊತ್ತೂ ಅಲ್ಲ ಅನ್ನೋದು ಹಳ್ಳಿ ಹುಡುಗರಿಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಯಾವ ಚುನಾವಣೆಯೂ ಕಿತ್ತುಕೊಳ್ಳೋಕಾಗಲ್ಲ.

ಬ್ಲಿಂಕೋ ಮುಂದೆ ತಾನೂ ಮಾನಸಿಕ ಆಸ್ಪತ್ರೆಯ ಒಳಗನ್ನು ಕಂಡ. ಕಾಯಿಲೆಯೇ ಅವನಿಗೆ ಕಲೆ ಕೊಟ್ಟಿತು ಅಂತ ಕೊಂಡಾಡೋರಿದ್ದಾರೆ. ನೋವನ್ನು ಹಬ್ಬ ಮಾಡೋದು ಬ್ಯಾಡ. ಕಾಯಿಲೆ ಬರೋಕೆ ಮೊದಲೇ ಅವನ ಕೈಲಿ ಗಿಟಾರಿತ್ತು, ಪೆನ್ನಿತ್ತು, ಜತೆಗೆ ಗೆಳೆಯರಿದ್ದರು. 1995ರಲ್ಲಿ ತಂಡದ ಇನ್ನೊಂದು ರೆಕಾರ್ಡು ಬಂತು. ಹೆಸರಲ್ಲೇ ಪೋಪ್ ಏಡ್ರಿಯನ್ ಇದ್ದಾನೆ, 37ನೆಯವನಾಗಿ. ಹಾಡುಗಳ ಉದ್ದಕ್ಕೂ ಆ ಹೆಸರು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ತಾನೇ ಪೋಪ್ ಅಂತ ನಂಬಿದ ಒಂದು ಜೀವದ ಸಂಕಟ ಅದು.

ಲೀವ್ಸ್‌ಡನ್ ಆಸ್ಪತ್ರೆ ಮುಚ್ಚಿದ್ದೂ ಅದೇ 1995ರಲ್ಲೇ. ಈಗ ಆ ಜಾಗದಲ್ಲಿ ಮನೆಗಳಿವೆ, ಉದ್ಯಾನವಿದೆ. ಪೋಪನ ಹೆಸರನ್ನು ಊರು ಜೋಪಾನ ಮಾಡಿದೆ, ಮಾಡಲಿ. ಆಸ್ಪತ್ರೆಯೊಳಗೆ ಹೆಸರಿಲ್ಲದೆ ಹೋದವರು ಒಂದು ಸಾಲೂ ಬರೆದಿಡಲಾಗಲಿಲ್ಲ. ಆ ಹುಡುಗರು ಮಾತ್ರ ಯಾರೋ ಬರೆದಾರು ಅಂತ ಕಾಯಲಿಲ್ಲ. ತಮ್ಮ ಊರನ್ನು ತಾವೇ ಹಾಡಿ, ಒತ್ತಿಸಿ, ಹಂಚಿಬಿಟ್ಟರು.