ಗಾಯ ಪರಿಹಾರ ಕಾನೂನು (ಹೈದರಾಬಾದ್)

ಅನ್ಯರ ನಿರ್ಲಕ್ಷ್ಯದಿಂದ ದೇಹಕ್ಕೆ ಪೆಟ್ಟಾದಾಗ ಹಣರೂಪದ ಪರಿಹಾರ ಕೊಡಿಸುವ ನಿಯಮಗಳ ಸಮೂಹ. ತೆಲಂಗಾಣದಲ್ಲಿ ಇದಕ್ಕೆ ಒಂದೇ ಸಂಹಿತೆಯಿಲ್ಲ. ಕೇಂದ್ರದ ಕಾಯಿದೆಗಳು ಮತ್ತು ನ್ಯಾಯಾಲಯಗಳ ತೀರ್ಪುಗಳೇ ಆಧಾರ.

ರಸ್ತೆ ಅಪಘಾತ: 1988ರ ಮೋಟಾರು ವಾಹನ ಕಾಯಿದೆಯಡಿ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ವಿಚಾರಿಸುತ್ತದೆ. ಅಪಘಾತದ ಸ್ಥಳದಲ್ಲಿ ಅಥವಾ ಅರ್ಜಿದಾರರ ವಾಸಸ್ಥಳದಲ್ಲಿ ದಾವೆ ಹೂಡಬಹುದು. ಹೈದರಾಬಾದಿನಲ್ಲಿ ಗಾಯಗೊಂಡ ಬೀದರ್ ನಿವಾಸಿ ಬೀದರಿನಲ್ಲೇ ಅರ್ಜಿ ಸಲ್ಲಿಸಲು ಅವಕಾಶವಿದೆ. 164ನೇ ಕಲಮಿನಡಿ ಚಾಲಕನ ತಪ್ಪನ್ನು ಸಾಬೀತುಪಡಿಸದೆಯೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ದೊರೆಯುತ್ತದೆ. ಗುದ್ದಿ ಪರಾರಿಯಾದ ಪ್ರಕರಣಗಳಲ್ಲಿ ಈ ಮೊತ್ತ ಕ್ರಮವಾಗಿ 2 ಲಕ್ಷ ಮತ್ತು 50 ಸಾವಿರ. ಹೆಚ್ಚಿನ ಪರಿಹಾರ ಕೋರುವವರು 166ನೇ ಕಲಮಿನಡಿ ನಿರ್ಲಕ್ಷ್ಯವನ್ನು ತೋರಿಸಬೇಕು. ಆಗ ವಯಸ್ಸು, ಆದಾಯ, ಅಂಗವೈಕಲ್ಯದ ಪ್ರಮಾಣ ಮತ್ತು ಚಿಕಿತ್ಸೆಯ ವೆಚ್ಚವನ್ನು ಲೆಕ್ಕಹಾಕಲಾಗುತ್ತದೆ. ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಬಿಲ್ಲು ಮತ್ತು ಅಂಗವೈಕಲ್ಯ ಪ್ರಮಾಣಪತ್ರ ಮುಖ್ಯ ದಾಖಲೆಗಳು.

ವೈದ್ಯಕೀಯ ನಿರ್ಲಕ್ಷ್ಯ: ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಹೈದರಾಬಾದಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯ ಪ್ರಕರಣ ಇದರ ಮೈಲಿಗಲ್ಲು. 1990ರ ಶಸ್ತ್ರಚಿಕಿತ್ಸೆಯ ಬಳಿಕ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರ ಕಾಲುಗಳು ಸ್ವಾಧೀನ ಕಳೆದುಕೊಂಡವು. 2009ರಲ್ಲಿ ಸುಪ್ರೀಂ ಕೋರ್ಟ್ 1 ಕೋಟಿ ರೂಪಾಯಿ ಪರಿಹಾರ ವಿಧಿಸಿತು. ಶಸ್ತ್ರಚಿಕಿತ್ಸೆಗೆ ರೋಗಿಯ ಸಮ್ಮತಿ ಸ್ಪಷ್ಟವಾಗಿರಬೇಕೆಂಬುದನ್ನೂ ಒತ್ತಿಹೇಳಿತು.

ಇತರ ದಾವೆಗಳು: ಕೆಲಸದ ವೇಳೆಯ ಗಾಯಕ್ಕೆ ಮಾಲೀಕನೇ ಹೊಣೆ. ರೈಲು ಅವಘಡಗಳ ಅರ್ಜಿಗಳನ್ನು ಸಿಕಂದರಾಬಾದಿನ ರೈಲ್ವೆ ಪರಿಹಾರ ನ್ಯಾಯಮಂಡಳಿ ಪೀಠ ಆಲಿಸುತ್ತದೆ.

ಹೈದರಾಬಾದಿನ ಮೋಟಾರು ಅಪಘಾತ ಮತ್ತು ರೈಲ್ವೆ ನ್ಯಾಯಮಂಡಳಿಗಳ ತೀರ್ಪಿನ ಮೇಲ್ಮನವಿ ತೆಲಂಗಾಣ ಹೈಕೋರ್ಟಿಗೆ ಹೋಗುತ್ತದೆ. ವಕೀಲರ ಶುಲ್ಕ ಭರಿಸಲಾಗದ ಅರ್ಹರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಒದಗಿಸುತ್ತದೆ.