ನಾಲ್ಕು ಕನ್ನಡಿ, ಒಂದೇ ನಕ್ಷತ್ರ

ಇವತ್ತು ನಾನು ಹೇಳೋದು ನಾಸಾದ ಫ್ಯೂಸ್ ದೂರದರ್ಶಕದ ಕಥೆ. ಬಿಗ್ ಬ್ಯಾಂಗ್‌ನಲ್ಲಿ ಹುಟ್ಟಿದ ಡ್ಯುಟೀರಿಯಂ ಈಗೆಷ್ಟು ಉಳಿದಿದೆ ಅಂತ ಅಳೆಯೋದು ಅದರ ಮುಖ್ಯ ಗುರಿ. ಅದಕ್ಕೆ ಬೇಕಿದ್ದ ನೇರಳಾತೀತ ಬೆಳಕನ್ನ ನಮ್ಮ ವಾತಾವರಣ ನುಂಗಿಬಿಡುತ್ತೆ. ಮಾಮೂಲಿ ಕನ್ನಡಿಯೂ ಸರಿಯಾಗಿ ಪ್ರತಿಫಲಿಸಲ್ಲ. ಲಿಥಿಯಂ ಫ್ಲೋರೈಡ್ ಲೇಪ ಚೆನ್ನಾಗಿ ಹೊಳೆಯುತ್ತೆ, ಆದ್ರೆ ಸುಮಾರು 100 ನ್ಯಾನೊಮೀಟರ್‌ಗಿಂತ ಕೆಳಗೆ ಕೈಕೊಡುತ್ತೆ. ಸಿಲಿಕಾನ್ ಕಾರ್ಬೈಡ್ ಅಲ್ಲೂ ನಡೆಯುತ್ತೆ, ಆದ್ರೆ ಹೊಳಪು ಕಮ್ಮಿ. ಹಾಗಾಗಿ ಎರಡೆರಡರಂತೆ ನಾಲ್ಕು ಕನ್ನಡಿ ಇಟ್ಟರು.

1999ರ ಜೂನ್ 24ಕ್ಕೆ ಹಾರಿದ ಮೇಲೆ ಅದಕ್ಕೆ ಬೆಲೆ ತೆರಬೇಕಾಯ್ತು. ಬಿಸಿ, ತಂಪಿಗೆ ಕನ್ನಡಿಗಳು ಕೊಂಚ ಸರಿದು, ನಾಲ್ಕೂ ಒಂದೇ ನಕ್ಷತ್ರವನ್ನ ನೋಡೋದೇ ಕಷ್ಟವಾಯ್ತು. ದೊಡ್ಡ ಕಿಂಡಿ ಬಳಸಿ ಸಂಭಾಳಿಸಿದ್ರು. ಕೊನೆಗೆ ಗೊತ್ತಾಗಿದ್ದು: ನಮ್ಮ ಗ್ಯಾಲಕ್ಸಿಯಲ್ಲಿ ಡ್ಯುಟೀರಿಯಂ ಅಂದುಕೊಂಡಿದ್ದಕ್ಕಿಂತ ಹೆಚ್ಚೇ ಉಳಿದಿದೆ. ಎಲ್ಲಕ್ಕೂ ಆಗೋ ಲೇಪ ಸಿಗಲಿ ಅಂತ ಕಾದಿದ್ರೆ? ನನಗನ್ಸುತ್ತೆ, ಫ್ಯೂಸ್ ಹಾರ್ತಾನೇ ಇರಲಿಲ್ಲ.